ಇಷ್ಟವಿದ್ದವರು ಮಾತ್ರ

ಬೇಸಿಗೆ ರಜೆಯ ಮೊದಲ ಸೋಮವಾರ ಗ್ರಂಥಪಾಲಕ ಓದುಕೋಣೆಯ ಬಾಗಿಲು ತೆಗೆದಾಗ ಹೊರಗೆ ನಲವತ್ತೆರಡು ಮಕ್ಕಳು ಸಾಲಾಗಿ ನಿಂತಿದ್ದರು. ಒಂಬತ್ತನೆಯ, ಹತ್ತನೆಯ ತರಗತಿಯವರು. ಒಬ್ಬರ ಮುಖದಲ್ಲೂ ಕಳೆಯಿರಲಿಲ್ಲ. ಸಾಲಿನ ತುದಿಯಲ್ಲಿ ರಸಾಯನಶಾಸ್ತ್ರದ ಟೀಚರು ಹಾಜರಿ ಪುಸ್ತಕ ಹಿಡಿದುಕೊಂಡಿದ್ದಳು.

"ಇದೇನು ಟೀಚರ್?"

"ಮಕ್ಕಳು ಬೇಕು ಅಂದಿದ್ರಲ್ಲ ಸಾರ್. ತಂದಿದ್ದೀನಿ."

"ಬಾಗಿಲ ಮೇಲೆ ಏನು ಬರೆದಿದೆ ನೋಡಿದ್ರಾ?"

ಅಲ್ಲಿ ಆತನದೇ ದುಂಡಕ್ಷರದಲ್ಲಿತ್ತು: ರಜೆಯ ಓದು, ಇಷ್ಟವಿದ್ದವರು ಮಾತ್ರ.

"ನೋಡಿದೆ. ಇಷ್ಟ ಇಲ್ದೋರಿಗೆ ಗೈರುಹಾಜರಿ ಹಾಕ್ತೀನಿ ಅಂದೆ. ಎಲ್ರಿಗೂ ಇಷ್ಟ ಬಂದ್ಬಿಡ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆತ ನಗಲಿಲ್ಲ. ಮಕ್ಕಳ ಕಡೆ ತಿರುಗಿ, "ಇಲ್ಲಿ ಹಾಜರಿ ಇಲ್ಲ, ಪರೀಕ್ಷೆ ಇಲ್ಲ. ಮನೆಗೆ ಹೋಗಬೇಕು ಅನ್ನೋರು ಹೋಗಬಹುದು," ಎಂದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಳ ಬರಿದಾಯಿತು. ಉಳಿದವರು ಮೂವರು. ಅವರಲ್ಲೊಬ್ಬಳು ತಪ್ಪಿಹೋದ ಚಪ್ಪಲಿ ಹುಡುಕುತ್ತಿದ್ದಳು.

"ಎರಡು ದಿನ ಮನೆಮನೆಗೂ ಫೋನ್ ಮಾಡಿ ಕೂಡಿಸಿದ್ದೆ. ಒಂದೇ ಮಾತಿಗೆ ಊದಿಬಿಟ್ರಲ್ಲ!" ಎಂದು ಆಕೆ ಹಾಜರಿ ಪುಸ್ತಕವನ್ನು ಪಟಾರನೆ ಮುಚ್ಚಿದಳು. ಸಿಟ್ಟಿಗೆ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಒಂದೇ ಬೆರಳಿನಿಂದ ಮೇಲೇರಿಸಿ ಸುಡುವ ಹಾಗೆ ನೋಡಿದಳು. ಎಂಟು ವರ್ಷ ಒಂದೇ ಶಾಲೆಯಲ್ಲಿದ್ದರೂ ಆ ಕಣ್ಣುಗಳನ್ನು ಆತ ನೇರವಾಗಿ ಕಂಡದ್ದು ಅಂದೇ ಮೊದಲು.

ಸಿಟ್ಟು ಬಂದವರು ಮರುದಿನ ಬರಬಾರದು. ಆಕೆ ಬಂದಳು. ಈ ಮನುಷ್ಯ ಮೂರು ಮಕ್ಕಳನ್ನು ಇಟ್ಟುಕೊಂಡು ಏನು ಮಾಡುತ್ತಾನೋ ನೋಡಿಯೇ ಬಿಡೋಣವೆಂದು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡಳು.

ಆತ ಮಾಡಿದ್ದು ಇಷ್ಟೇ. ಒಂದು ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ. ಕಥೆಯಲ್ಲಿ ದೋಣಿ ಇನ್ನೇನು ಮಗುಚಬೇಕು, ಅಷ್ಟರಲ್ಲಿ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ನೀರು ಕುಡಿಯಲು ಹೊರಗೆ ಹೋದ. ಅರ್ಧ ಗಂಟೆ ಬರಲೇ ಇಲ್ಲ. ಮೂವರೂ ಒಂದೇ ಪುಸ್ತಕಕ್ಕೆ ಕೈ ಹಾಕಿ ಜಗಳವಾಡಿದರು.

ಯಾರಿಗೂ "ಇದನ್ನು ಓದು" ಎಂದು ಆತ ಹೇಳುತ್ತಿರಲಿಲ್ಲ. ಆತನ ತಂದೆ ಮೇಷ್ಟರು. ಬೆತ್ತ ಹಿಡಿದು ಓದಿಸಿದವರು. ಆತನ ಅಣ್ಣ ಶಾಲೆ ಬಿಟ್ಟ ದಿನದಿಂದ ಸಾಯುವವರೆಗೂ ಪುಸ್ತಕ ಮುಟ್ಟಲಿಲ್ಲ. ಒತ್ತಾಯದ ಅನ್ನ ಮೈಗೆ ಹತ್ತುವುದಿಲ್ಲವೆಂಬುದನ್ನು ಆತ ಮನೆಯಲ್ಲೇ ಕಲಿತಿದ್ದ. ಒಳ್ಳೆಯ ಪಾಠವೇ. ಆದರೆ ಒಂದೇ ಮದ್ದನ್ನು ಎಲ್ಲ ಕಾಯಿಲೆಗೂ ಕೊಡುವ ವೈದ್ಯನ ಹಾಗೆ ಆತ ಅದನ್ನು ಬಾಳಿಗೆಲ್ಲ ಹಚ್ಚಿಕೊಂಡ.

ಮೂವರು ಏಳಾದರು, ಏಳು ಹನ್ನೆರಡಾಯಿತು. ಮಕ್ಕಳು ಆತನಿಗೆ 'ಶ್ ಸಾರ್' ಎಂದು ಹೆಸರಿಟ್ಟಿದ್ದರು. ಅದನ್ನು ಆತನ ಕಿವಿಗೆ ಹಾಕಿದವಳು ಟೀಚರೇ.

"ನಿಮಗೆ ಸಿಟ್ಟು ಬರಲ್ವಾ ಸಾರ್?"

"ಶ್..." ಎಂದ ಆತ, ಗಂಭೀರವಾಗಿ.

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಭುಜ ಕುಲುಕಿ ಕುಲುಕಿ ನಕ್ಕಳು. ಆತ ಕಪಾಟಿನ ಕಡೆ ತಿರುಗಿ, ಜೋಡಿಸಿಟ್ಟಿದ್ದ ಪುಸ್ತಕಗಳನ್ನೇ ಮತ್ತೆ ಜೋಡಿಸಿದ.

ಮರುದಿನದಿಂದ ಕಿಟಕಿಯ ಬಳಿಯ ಕುರ್ಚಿಯ ಮೇಲೆ ದಿನಕ್ಕೊಂದು ಪುಸ್ತಕ ಇರತೊಡಗಿತು.

"ಇದು ನನಗಾ?"

"ಅಲ್ಲಿರೋದು ಯಾರಿಗಾದ್ರೂ."

"ಆ ಕುರ್ಚೀಲಿ ನನ್ನ ಬಿಟ್ಟು ಯಾರು ಕೂರ್ತಾರೆ?"

ಆತನ ಕಿವಿ ಕೆಂಪಾಯಿತು. ಆಕೆ ಅದನ್ನು ನೋಡಿದಳು. ತಾನು ನೋಡಿದ್ದು ಆತನಿಗೆ ತಿಳಿಯುವಷ್ಟು ಹೊತ್ತು ನೋಡಿ, ಆಮೇಲೆ ಪುಟ ತಿರುವಿದಳು.

ನಾಲ್ಕನೆಯ ವಾರದ ಶುಕ್ರವಾರ, ಮಕ್ಕಳೆಲ್ಲ ಹೋದ ಮೇಲೆ, ಆಕೆ ಎದ್ದು ಮೇಜಿನ ಎದುರು ಬಂದು ನಿಂತಳು.

"ಅಣ್ಣ ಒಂದು ಸಂಬಂಧ ತಂದಿದ್ದಾನೆ. ಬೇರೆ ಊರು. ಬ್ಯಾಂಕಲ್ಲಿ ಮ್ಯಾನೇಜರ್. ಹೆಂಡತಿ ತೀರಿಕೊಂಡು ಮೂರು ವರ್ಷ. ಒಂಬತ್ತು ವರ್ಷದ ಮಗಳಿದ್ದಾಳೆ."

ಆತ ಕೈಯಲ್ಲಿದ್ದ ಪುಸ್ತಕದ ಧೂಳು ಒರೆಸಿದ. ಅದರಲ್ಲಿ ಧೂಳಿರಲಿಲ್ಲ.

"ಭಾನುವಾರ ಉತ್ತರ ಹೇಳ್ಬೇಕು," ಎಂದಳು. "ನೀವೇನು ಹೇಳ್ತೀರಿ?"

ಹೇಳಬೇಕಾದ ಮಾತು ಆತನ ನಾಲಿಗೆಯ ತುದಿಯಲ್ಲಿತ್ತು. ದೇವರ ಮುಂದೆ ದಿನವೂ ಹೇಳಿಕೊಳ್ಳುತ್ತಿದ್ದ ಮಾತೇ ಅದು. ಆದರೆ ಆಕೆಗೆ ಅದು ಹೊರೆಯಾದರೆ? ತನ್ನ ಮುಖ ನೋಡಿ ದಾಕ್ಷಿಣ್ಯಕ್ಕೆ ಒಪ್ಪಿಬಿಟ್ಟರೆ?

"ಇಂಥದ್ರಲ್ಲಿ ಒತ್ತಾಯ ಇರಬಾರದು ಟೀಚರ್. ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ."

"ಒತ್ತಾಯ ಮಾಡಿ ಅಂತ ಕೇಳ್ಲಿಲ್ಲ ಸಾರ್," ಎಂದು ಆಕೆ ಮೆಲ್ಲಗೆ ಹೇಳಿ ಚೀಲ ತೆಗೆದುಕೊಂಡಳು.

ಆ ರಾತ್ರಿ ಊಟಕ್ಕೆ ಬಡಿಸುತ್ತ ಅಕ್ಕ ಎಲ್ಲವನ್ನೂ ಆತನ ಬಾಯಿಂದ ಹೊರಡಿಸಿದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು ಆಕೆ. ಇಂಥ ವಿಷಯ ಬಲ್ಲವಳು.

"ಪುಸ್ತಕ ನೂರು ವರ್ಷ ಕಾಯುತ್ತೆ ಕಣೋ, ಅದಕ್ಕೆ ಜೀವ ಇಲ್ಲ. ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ಮೇಲೂ ಕಲ್ಲಿನ ಹಾಗೆ ನಿಂತ್ಯಲ್ಲ! ನಾಳೆನೇ ಹೋಗಿ ಅವರಣ್ಣನ್ನ ಕೇಳು."

"ಅವರು ತೀರ್ಮಾನ ಮಾಡ್ಲಿ ಅಕ್ಕ. ಆ ಸಂಬಂಧ ಬೇಡ ಅಂದ್ರೆ ಆಮೇಲೆ ಕೇಳ್ತೀನಿ."

"ಊಟ ಮುಗಿದ್ಮೇಲೆ ಎಲೆ ಹಾಕ್ತೀನಿ ಅನ್ನು," ಎಂದು ಅಕ್ಕ ಸೌಟು ಕುಕ್ಕಿದಳು.

ಭಾನುವಾರ ನಾಲ್ಕು ಗಂಟೆಗೆ ಆತ ಒಗೆದ ಅಂಗಿ ಹಾಕಿಕೊಂಡು ಹೊರಟದ್ದೇನೋ ನಿಜ. ಟೀಚರ ಬೀದಿಯ ಮೂಲೆಯವರೆಗೂ ಹೋದ. ಅಲ್ಲಿ ಹೊಲಿಗೆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತ. ಇದೂ ಒತ್ತಾಯವೇ ಅಲ್ಲವೇ ಎಂದುಕೊಂಡ. ತಿರುಗಿ ಬಂದ.

ಸೋಮವಾರ ರಜೆಯ ಓದಿನ ಕೊನೆಯ ದಿನ. ಹತ್ತೊಂಬತ್ತು ಮಕ್ಕಳು ಬಂದಿದ್ದರು. ಟೀಚರು ಎಲ್ಲರೊಡನೆ ನಗುತ್ತಲೇ ಮಾತಾಡಿದಳು. ಒಬ್ಬ ಹುಡುಗಿಗೆ ಜಡೆ ಬಿಗಿದು ಕಟ್ಟಿದಳು. ಆತನ ಕಡೆ ಮಾತ್ರ ನೋಡಲಿಲ್ಲ. ಅದರಿಂದಲೇ ಆತನಿಗೆ ತಿಳಿಯಿತು.

ಸಂಜೆ ಆಕೆಯ ಪುಸ್ತಕದ ಚೀಲ ಭಾರವಾಗಿತ್ತು. ಆತ ಅದನ್ನು ಹೊತ್ತು ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತರು, ನಡುವೆ ಚೀಲ.

"ನಿನ್ನೆ ನಿಮ್ಮ ಬೀದಿವರೆಗೂ ಬಂದಿದ್ದೆ," ಎಂದ.

"ಗೊತ್ತು. ಕಿಟಕೀಲಿ ನಿಂತು ನೋಡ್ತಿದ್ದೆ. ಸಾರ್ ಬರ್ತಿದ್ದಾರೆ, ಚಹಾಕ್ಕೆ ನೀರಿಡಿ ಅಂತ ಅತ್ತಿಗೆಗೆ ಹೇಳ್ದೆ." ರಸ್ತೆಯ ಕಡೆ ತಿರುಗಿ ಅಂದಳು, "ನೀರು ಕುದ್ದು ಕುದ್ದು ಇಂಗಿ, ಪಾತ್ರೆ ತಳ ಸೀದುಹೋಯ್ತು."

ಆತ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಸರಿಮಾಡಿದ.

"ಐದು ಗಂಟೆಗೆ ಆ ಬ್ಯಾಂಕಿನವರ ಫೋನ್ ಬಂತು. ಹೂಂ ಅಂದೆ. ಆಮೇಲೆ ಆ ಮಗೂಗೆ ಕೊಟ್ರು. 'ನೀವು ಬಂದ್ಮೇಲೆ ವಾಪಸ್ ಹೋಗಲ್ಲ ತಾನೇ?' ಅಂತು. ಹೋಗಲ್ಲ ಪುಟ್ಟಿ ಅಂದೆ."

ಎದುರಿನ ಅಂಗಡಿಯವನು ಅರ್ಧ ಬಾಗಿಲು ಎಳೆದ.

"ಈಗ್ಲಾದ್ರೂ ಕೇಳಿ," ಎಂದಳು ಆಕೆ, ರಸ್ತೆಯನ್ನೇ ನೋಡುತ್ತ. "ಉತ್ತರ ಬದಲಾಗಲ್ಲ. ಮಗೂಗೆ ಮಾತು ಕೊಟ್ಟಿದ್ದೀನಿ. ಆದ್ರೂ ನನಗೆ ಕೇಳಿಸ್ಕೋಬೇಕು."

ಆತ ಕೇಳಿದ. ಗಟ್ಟಿಯಾಗಿಯೇ ಕೇಳಿದ: "ನನ್ನ ಜೊತೆ ಬಾಳ್ತೀರಾ?"

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಬಹಳ ಹೊತ್ತು ಒರೆಸಿದಳು. "ಎಷ್ಟು ಚೆನ್ನಾಗಿ ಕೇಳ್ತೀರಿ ಸಾರ್," ಎಂದಳು. "ನಿಮಗೇ ಗೊತ್ತಿರ್ಲಿಲ್ಲ."

ಆಮೇಲೆ ಇಬ್ಬರೂ ಮಾತಾಡಿದರು. ಎಂಟು ವರ್ಷ ಆಡದೆ ಉಳಿದದ್ದನ್ನೆಲ್ಲ ಅವಸರವಾಗಿ ಆಡಿದರು. ಆಕೆಗೆ ಕತ್ತಲೆಯೆಂದರೆ ಭಯವೆಂದು ಆತ ತಿಳಿದುಕೊಂಡ. ಆತನಿಗೆ ಈಜಲು ಬರುತ್ತದೆಂದು ಆಕೆ ತಿಳಿದುಕೊಂಡಳು. ಎರಡು ಸಲ ನಕ್ಕರು ಕೂಡ. ಬಸ್ಸು ಇನ್ನೂ ಬರದಿರಲಿ ಎಂದು ಆತ ಮನಸ್ಸಿನಲ್ಲೇ ಬೇಡಿಕೊಂಡ.

ಆ ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ದೇವರು ಕೊಟ್ಟದ್ದು ಅಷ್ಟು.