ಡೇರೆ ಗೆಡ್ಡೆಯ ಹುಳಿ

ಹೆಣ್ಣು ನೋಡಲು ಬಂದ ಗಂಡು ಹೆಣ್ಣನ್ನು ಬಿಟ್ಟು ಹೂವನ್ನು ನೋಡುತ್ತ ನಿಂತರೆ ಯಾವ ಹುಡುಗಿಗೆ ತಾನೇ ಸಿಟ್ಟು ಬರುವುದಿಲ್ಲ? ವನಜಾಗೂ ಬಂತು. ಆದರೆ ಆ ಹೂವು ಅವಳೇ ಬೆಳೆಸಿದ್ದು. ಹಾಗಾಗಿ ಬಂದಷ್ಟೇ ಬೇಗ ಇಳಿದೂ ಹೋಯಿತು.

ಕನ್ನಡ ರಾಜ್ಯ ಒಂದಾಗಿ ವರ್ಷ ತುಂಬಿತ್ತು, ದೀಪಾವಳಿ ಕಳೆದ ಹೊಸತು. ಚಂದ್ರಗುತ್ತಿ ಹತ್ತಿರದ ಶೇಷಪ್ಪನವರ ಮನೆಗೆ ಶಿಕಾರಿಪುರದ ಕಡೆಯಿಂದ ಹನುಮಂತಪ್ಪನವರು ಮಗ ಬೆನಕಪ್ಪನನ್ನು ಕರೆದುಕೊಂಡು ಬಂದಿದ್ದರು. ಉಪ್ಪಿಟ್ಟು ತಿಂದು ಕೈತೊಳೆಯಲು ಹಿತ್ತಲಿಗೆ ಹೋದ ಹುಡುಗ ಚೊಂಬು ಹಿಡಿದುಕೊಂಡೇ ನಿಂತುಬಿಟ್ಟ. ಎದುರಿಗೆ ಎರಡು ಅಂಗೈ ಸೇರಿಸಿದಷ್ಟು ಅಗಲದ ಕಡುಗೆಂಪು ಹೂವು. ಕಾಗದದ್ದೇ ಇರಬೇಕೆಂದು ಮೆಲ್ಲಗೆ ಬೆರಳು ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ.

"ಮುಟ್ಟಿ ನೋಡಿ. ಅದೇನು ಮುಟ್ಟಿದರೆ ಮುನಿ ಅಲ್ಲ," ಎಂದಿತು ಅಡುಗೆಮನೆಯ ಬಾಗಿಲ ಸಂದಿ.

ಸಂದಿಯಲ್ಲಿ ವನಜಾಳ ಒಂದು ಕಣ್ಣು, ಅರ್ಧ ನಗು. ಅದರ ಹೆಸರು ಡೇರೆ, ಪೇಟೆಯವರು ಡೇಲಿಯಾ ಅನ್ನುತ್ತಾರೆ ಎಂದಳು. ವರ್ಗವಾಗಿ ಹೋದ ರೇಂಜರ್ ಸಾಹೇಬರ ಹೆಂಡತಿ ಹೋಗುವಾಗ ಇದರ ಗೆಡ್ಡೆಗಳನ್ನು ಅವಳ ಮಡಿಲಿಗೆ ಹಾಕಿದ್ದರಂತೆ. ಸುತ್ತಲ ಹತ್ತು ಊರಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲವಂತೆ. ಪ್ರತಿ ವರ್ಷ ಬೀಜ ಹಾಕಬೇಕೇ ಎಂದು ಅವನು ಕೇಳಿದ. ಬೀಜ ಬೇಡ, ಗಿಡ ಒಣಗಿದರೂ ಗೆಡ್ಡೆ ಸಾಯುವುದಿಲ್ಲ, ತೆಗೆದು ಬೂದಿಯಲ್ಲಿಟ್ಟರೆ ಮಳೆಗಾಲಕ್ಕೆ ಮತ್ತೆ ಬರುತ್ತದೆ ಎಂದು ಹೇಳಿದಳು.

"ನಮ್ಮ ಕಡೆ ಬರ್ತೈತೇನ್ರಿ?" ಎಂದು ಕೇಳುತ್ತ ಬೆನಕಪ್ಪ ಆಗ ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಅವಳು ಕಣ್ಣು ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ.

"ಜಾಗ ಕೊಟ್ಟರೆ ಎಲ್ಲಿ ಬೇಕಾದ್ರೂ ಬರ್ತದೆ."

ಪಾಪ, ಬಿಸಿಲಲ್ಲಿ ಉತ್ತು ಕಪ್ಪಾಗಿದ್ದ ಹುಡುಗ ಅವನು. ಆದರೂ ಕಿವಿ ಕೆಂಪಾದದ್ದು ಅವಳಿಗೆ ಕಾಣಿಸಿತು.

ಹಿರಿಯರು ಬಾಯಿಮಾತಿನಲ್ಲಿ ಒಪ್ಪಿಕೊಂಡರು. ಗಂಡಿನ ಮನೆಯಲ್ಲಿ ಮಗಳ ಬಾಣಂತನ ಇದ್ದುದರಿಂದ ವೀಳ್ಯ ಬದಲಾಯಿಸುವುದನ್ನು ಬೇಸಿಗೆಯ ಕೊನೆಗೆ ಇಟ್ಟುಕೊಂಡರು. ವನಜಾಳಿಗೆ ಹುಡುಗ ಇಷ್ಟವಾಗಿದ್ದ. ಮನೆಯ ಬಗ್ಗೆ ಮಾತ್ರ ಅಳುಕು. ಅಕ್ಕ ರಾಧಮ್ಮ ಗಂಡನ ಮನೆಗೆ ಹೋಗುವಾಗ ಆಸೆಯಿಂದ ಒಯ್ದು ನೆಟ್ಟಿದ್ದ ಗುಲಾಬಿಯನ್ನು ಅವಳ ಅತ್ತೆ ಕಿತ್ತು, ಆ ಜಾಗದಲ್ಲಿ ಎಮ್ಮೆ ಕಟ್ಟಿಸಿದ್ದರು. ಹೂವಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದರಂತೆ. ಆಮೇಲೆ ಅಕ್ಕ ಏನನ್ನೂ ನೆಡಲಿಲ್ಲ. ತವರಿಗೆ ಬಂದರೂ ಹಿತ್ತಲ ಕಡೆ ಹೋಗುತ್ತಿರಲಿಲ್ಲ. ಅಂಥ ಬಾಳು ವನಜಾಳಿಗೆ ಬೇಡವಾಗಿತ್ತು.

ಯುಗಾದಿ ಕಳೆದ ಮೇಲೆ ಸೋದರತ್ತೆ ವರದಮ್ಮ ಶಿಕಾರಿಪುರಕ್ಕೆ ಹೊರಟಳು. ವನಜಾ ಬೂದಿಯಿಂದ ಒಳ್ಳೊಳ್ಳೆಯ ಗೆಡ್ಡೆಗಳನ್ನು ಆರಿಸಿ, ಒರೆಸಿ, ಕೈಚೀಲದಲ್ಲಿ ಹಾಕಿ ಅವರ ಕೈಗೇ ಕೊಡು ಎಂದಳು. ಏನು, ಯಾಕೆ ಅನ್ನುವುದಕ್ಕೆ ನಾಚಿಕೆ ಬಿಡಲಿಲ್ಲ. ವರದಮ್ಮ ಅಲ್ಲಿಗೆ ಹೋದಾಗ ಬೆನಕಪ್ಪ ಹೊಲದಲ್ಲಿದ್ದ. ವರದಮ್ಮ ಚೀಲವನ್ನು ಅವನ ತಾಯಿ ಗುಡ್ಡಮ್ಮನಿಗೆ ಕೊಟ್ಟಳು. ಮಲೆನಾಡ ಬೀಗರ ಮನೆಯಿಂದ ಗೆಡ್ಡೆ ಬಂತೆಂದರೆ ಯಾವ ಹೆಂಗಸಾದರೂ ಏನು ಮಾಡುತ್ತಾಳೆ? ಅದನ್ನೇ ಮಾಡಿದಳು.

"ನಿನ್ನ ಗೆಡ್ಡೆ ಹುಳಿ ಬಲು ರುಚಿಯಾಗಿತ್ತಂತೆ ಮಾರಾಯ್ತಿ. ಇನ್ನೂ ನಾಲ್ಕು ಹೆಚ್ಚು ಕಳಿಸಬಹುದಿತ್ತು ಅಂದ್ಲು ಗುಡ್ಡಮ್ಮ," ಎಂದು ತಿಂಗಳೊಪ್ಪತ್ತಿನ ನಂತರ ವಾಪಸು ಬಂದ ವರದಮ್ಮ ಎಲೆಗೆ ಸುಣ್ಣ ಹಚ್ಚುತ್ತ ವರದಿ ಒಪ್ಪಿಸಿದಳು. ಅದು ಹೂವಿನ ಗೆಡ್ಡೆ ಎಂದು ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುವಾರ ಮತ್ತೆ ಆ ಕಡೆ ಹೋದವಳು ಗುಡ್ಡಮ್ಮನ ಮನೆಯಲ್ಲೂ ಹೇಳಿ ನಗಿಸಿ ಬಂದಳು. ಇಂಥವರಿಗೆ ಒಂದು ಮಾತು ಸಿಕ್ಕರೆ ಸಾಕು.

ವನಜಾಳಿಗೆ ನಗು ಬರಲಿಲ್ಲ. ಗುಡ್ಡಮ್ಮನದೇನೂ ತಪ್ಪಿಲ್ಲ, ಆಕೆ ಹೂವನ್ನೇ ಕಂಡವಳಲ್ಲ. ಅವನು ಕಂಡಿದ್ದನಲ್ಲ? ನಿಂತು ಕೇಳಿದ್ದನಲ್ಲ? ತಟ್ಟೆಯ ಮುಂದೆ ಕೂತು ಒಂದು ಮಾತೂ ಕೇಳದೆ ಉಂಡನಲ್ಲ? ಈ ಸಂಬಂಧ ಬೇಡವೆಂದು ಅಪ್ಪನಿಗೆ ಹೇಳಿದಳು. ಹುಳಿ ಮಾಡಿ ಉಂಡರೆಂದು ಯಾರಾದರೂ ಸಂಬಂಧ ಬಿಡುತ್ತಾರೆಯೇ ಎಂದು ಶೇಷಪ್ಪ ಕಕ್ಕಾಬಿಕ್ಕಿಯಾದರು. ಕೊನೆಗೆ, ಆನವಟ್ಟಿ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸುತ್ತೇನೆ, ಅಲ್ಲಿಯವರೆಗೆ ಇನ್ನೊಮ್ಮೆ ಯೋಚಿಸು ಎಂದರು.

ಸಂತೆಗೆ ಮೊದಲೇ ಬೆನಕಪ್ಪ ಬಂದ. ಮಟಮಟ ಮಧ್ಯಾಹ್ನ, ಒಬ್ಬನೇ, ಯಾರದೋ ಸೈಕಲ್ ತುಳಿದುಕೊಂಡು. ನಿಶ್ಚಯವಾಗದ ಗಂಡು ಹೀಗೆ ಬರುವುದುಂಟೇ? ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಶೇಷಪ್ಪನವರಿಗೆ ಕೈಮುಗಿದು, ನಿಮ್ಮ ಮಗಳ ಹತ್ತಿರ ಒಂದು ಮಾತಿದೆ, ನಿಮ್ಮ ಎದುರಿಗೇ ಆಡುತ್ತೇನೆ ಎಂದ. ವನಜಾ ಬಾಗಿಲಿಗೆ ಬಂದು ನಿಂತಳು. ಈ ಸಲ ಪೂರಾ ಬಂದಳು, ಮುಖ ಮಾತ್ರ ಬಿಗಿದಿತ್ತು.

"ಗೆಡ್ಡೆ ಹುಳಿ ನಾನೂ ಉಂಡೆ. ಎರಡು ಸಲ ಹಾಕಿಸ್ಕೊಂಡೆ. ನೀವು ಕಳಿಸಿದ್ದು ಅಂತ ಅವ್ವ ಹೇಳಿದ್ದಕ್ಕೇ ಎರಡು ಸಲ. ಹೂವು ನೋಡಿದ್ದೆ ರೀ, ಅದರ ಗೆಡ್ಡೆ ಎಲ್ಲಿ ನೋಡಿದ್ದೆ?"

ಅದು ಹೌದು ಅನ್ನಿಸಿತು ವನಜಾಳಿಗೆ. ಗೆಡ್ಡೆಯನ್ನು ಅವನಿಗೆ ಯಾರು ತೋರಿಸಿದ್ದರು? ಅವನು ಒದ್ದೆ ಬಟ್ಟೆಯ ಪೊಟ್ಟಣ ಬಿಚ್ಚಿ ಒಂದು ಎಲೆಯನ್ನು ಮುಂದೆ ಹಿಡಿದ. ಅವ್ವ ಹೆಚ್ಚುವಾಗ ಗೆಡ್ಡೆಗಳ ಕುತ್ತಿಗೆ ಕೊಯ್ದು ತಿಪ್ಪೆಗೆ ಎಸೆದಿದ್ದಳಂತೆ. ಈಚಿನ ಮಳೆಗಳಿಗೆ ತಿಪ್ಪೆಯ ಮೂಲೆಯಲ್ಲಿ ಏನೋ ಚಿಗುರಿದೆ, ನಿಮ್ಮದೇ ಹೌದೋ ಅಲ್ಲವೋ ನೋಡಿ ಎಂದ.

ಅಂಚು ಹಲ್ಲುಹಲ್ಲಾದ ಎಲೆ, ದೇಟಿನಲ್ಲಿ ಕೆಂಪು. ಅವಳದೇ. ಡೇರೆಯ ಚಿಗುರುವ ಕಣ್ಣಿರುವುದೇ ಗೆಡ್ಡೆಯ ಕುತ್ತಿಗೆಯಲ್ಲಿ. ಇವರು ಉಂಡದ್ದು ಬರೀ ಹೊಟ್ಟೆ. ವನಜಾಳಿಗೆ ಅಳುವೋ ನಗುವೋ ಒತ್ತರಿಸಿಕೊಂಡು ಬಂತು. ತಡೆದುಕೊಂಡಳು.

"ಗೊಬ್ಬರ ಹೊಡೆಯೋ ಕಾಲ. ತಿಪ್ಪೆ ಹಂಗೇ ಬಿಟ್ಟಿದ್ದಾರಾ ನಿಮ್ಮಪ್ಪ?"

ಬೆನಕಪ್ಪ ನೆಲ ನೋಡಿದ. ಬಾಯಿ ಬಿಡಿಸಬೇಕಾಯಿತು. ಗಾಡಿ ಹೂಡಿ ನಿಂತಿದ್ದ ಅಪ್ಪನಿಗೆ ಇವನು ಅಡ್ಡ ನಿಂತು, ಆ ಮೂಲೆ ಮುಟ್ಟಬೇಡ ಎಂದಿದ್ದನಂತೆ. ಜನ್ಮದಲ್ಲಿ ಅಪ್ಪನಿಗೆ ಎದುರಾಡದವನು. ಅವರು ಎರಡು ದಿನ ಮಾತು ಬಿಟ್ಟರಂತೆ. ಸುತ್ತ ಮುಳ್ಳು ಕಟ್ಟಿದ್ದಕ್ಕೆ ಓಣಿಯವರೆಲ್ಲ ತಿಪ್ಪೆ ಕಾಯುವ ಸಾಹುಕಾರ ಎಂದು ಕರೆಯುತ್ತಿದ್ದಾರಂತೆ.

"ನೀವು ಒಲ್ಲೆ ಅಂದ್ರೂ ಸೈ, ಅವನ್ನ ಹುಷಾರಾಗಿ ಕಿತ್ತು ತಂದುಕೊಡ್ತೀನಿ. ನಿಮ್ಮವು ಅವು," ಎಂದು ಅವನು ಒಮ್ಮೆ ಉಸಿರೆಳೆದುಕೊಂಡ. "ಆದ್ರೆ ನನಗೆ ನೀವು ಬೇಕು ರೀ. ಅದನ್ನೂ ಹೇಳಿಯೇ ಹೋಗೋಣ ಅಂತ ಬಂದೆ."

ಶೇಷಪ್ಪನವರ ಕೈಯ ಹಗ್ಗ ನಿಂತಿತು. ಅವರು ಕೆಮ್ಮಿ, ದನಕ್ಕೆ ಹುಲ್ಲು ಹಾಕಬೇಕೆಂದು ಗೊಣಗಿ, ಕೊಟ್ಟಿಗೆಯ ಕಡೆ ನಡೆದರು. ದನಗಳೆಲ್ಲ ಮೇಯಲು ಹೋಗಿದ್ದವು.

ವನಜಾ ಎಲೆಯನ್ನು ಬೆರಳಲ್ಲಿ ತಿರುಗಿಸಿದಳು. ಅಪ್ಪನ ಗಾಡಿಗೆ ಅಡ್ಡ ನಿಂತ ಇವನನ್ನು ನೆನೆಸಿಕೊಂಡಳು. ಅಕ್ಕನ ಗುಲಾಬಿಗೆ ಹೀಗೆ ಯಾರೂ ಅಡ್ಡ ನಿಂತಿರಲಿಲ್ಲ. ಇವನ ಜೊತೆ ಬಾಳಬಹುದು ಅನ್ನಿಸಿತು. ಬಾಳಬೇಕು ಅಂತಲೇ ಅನ್ನಿಸಿತು.

"ಈಗ ಕೀಳಬೇಡಿ," ಎಂದಳು. "ಬೇರು ಇನ್ನೂ ಎಳೇದು. ನಾನೇ ಬಂದು ಕಿತ್ತು ನೆಡ್ತೀನಿ."

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಾಗ ಕಿವಿಯ ಜೊತೆ ಮುಖವೂ ಕೆಂಪಾಯಿತು.

"ಯಾವಾಗ ಬರ್ತೀರಿ?"

"ಅದನ್ನ ನನ್ನ ಕೇಳಿದ್ರೆ? ಅಪ್ಪನ್ನ ಕೇಳಿ," ಎಂದಳು ವನಜಾ. ಬೆನಕಪ್ಪ ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಕೊಟ್ಟಿಗೆಯ ಕಡೆಗೆ ಓಡಿದ.