ನೂರು ತಾಸಿನ ಕೇಬಲ್

"ಮೇಡಂ, ನನ್ನ ಕಿವಿ ಹೋಗ್ಯಾವ. ಖರೆ ಹೇಳಿಬಿಡ್ರಿ."

ಶನಿವಾರ ಬೆಳಿಗ್ಗೆ ಬೇವೂರಿನ ಅಮಾತೆಪ್ಪ ಮಾಸ್ತರರು ನನ್ನೆದುರು ಕೂತು ಕಣ್ಣೊರೆಸಿಕೊಂಡರು.

ಬಾಗಲಕೋಟೆಯ ನವನಗರದಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಎರಡು ಸಲ ಪರೀಕ್ಷಿಸಿದೆ. ಎಪ್ಪತ್ತರ ವಯಸ್ಸಿಗೆ ಅಷ್ಟು ಒಳ್ಳೆಯ ಕಿವಿಗಳನ್ನು ನಾನು ನೋಡಿದ್ದೇ ಕಡಿಮೆ. ಹೇಳಿದರೆ ಅವರು ನಂಬಲಿಲ್ಲ. ಚೀಲದಿಂದ ಸ್ಪೀಕರಿನ ಒಂದು ಕೇಬಲ್ ತೆಗೆದು ಮೇಜಿನ ಮೇಲಿಟ್ಟರು. ನೂರು ತಾಸು ಹಾಡು ಹಚ್ಚಿದರೆ ಕೇಬಲ್ ಪಳಗಿ ದನಿ ಇನ್ನೂ ಚೆಂದವಾಗುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ. ನೂರಾ ನಲವತ್ತು ತಾಸಾದರೂ ಇವರಿಗೆ ಯಾವ ಫರಕೂ ಕೇಳಿಸಿಲ್ಲ. ಹಾಗಾದರೆ ಕೆಟ್ಟಿರುವುದು ಕಿವಿಯೇ ಎಂದುಕೊಂಡು, ಮಠದ ಭಜನೆಯಲ್ಲಿ ಹಾಡುವುದನ್ನೇ ಬಿಟ್ಟಿದ್ದರು.

"ಯಾವ ಅಂಗಡಿ ರೀ?"

"ವಿದ್ಯಾಗಿರಿ ಒಳಗ, ಆ ಇಳಕಲ್ ಹುಡುಗಂದು. ವಿಜಯಮಹಾಂತೇಶ ಅಂತ. ಭಾಳ ಒಳ್ಳೆ ಹುಡುಗ."

ಸೋಮವಾರ ಆ ಒಳ್ಳೆಯ ಹುಡುಗನ ಕಡೆಯ ಹಿರಿಯರು ಹೆಣ್ಣು ಕೇಳಲು ನಮ್ಮ ಮನೆಗೆ ಬರುವವರಿದ್ದರು.

ಆರು ತಿಂಗಳ ಹಿಂದೆ ನಮ್ಮ ಪರೀಕ್ಷಾ ಕೋಣೆಗೆ ಸ್ಪೀಕರ್ ಕೂಡಿಸಲು ಬಂದವನು ಅವನು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಬಂದ. ಹೊರಟವನು ಬಾಗಿಲಲ್ಲಿ ನಿಂತು, ಸ್ಕ್ರೂಡ್ರೈವರ್ ಮರೆತೆ ಎಂದು ತಿರುಗಿ ನೋಡುತ್ತಿದ್ದ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇರುತ್ತಿತ್ತು. ಅಂಥ ಕಳ್ಳನೋಟಕ್ಕೇ ನಾನು ಸೋತಿದ್ದು, ಸುಳ್ಳೇಕೆ ಹೇಳಲಿ.

ಮಾಸ್ತರರ ಕೇಬಲ್ ಇಸಕೊಂಡು ಮಧ್ಯಾಹ್ನ ಅಂಗಡಿಗೆ ಹೋದೆ. ನನ್ನ ಮುಖ ನೋಡಿ ಅವನ ನಗು ಅರ್ಧಕ್ಕೇ ನಿಂತಿತು. ನಡೆದದ್ದೆಲ್ಲ ಹೇಳಿದೆ.

"ತಾಮ್ರದ ತಂತಿ ಎಲ್ಲಿ ಪಳಗತೈತ್ರಿ? ರೂಢಿ ಆಗೋದು ಕಿವಿಗೆ. ಇವತ್ತು ಗಿರಾಕಿಗೆ ಸುಳ್ಳು ಹೇಳಾವ್ರು ನಾಳೆ ನನಗೂ ಹೇಳ್ತೀರಿ."

"ಸುಳ್ಳಲ್ರಿ ಮಹೇಶ್ವರಿ ಮೇಡಂ. ಹೊಸಾದು ಬಿರುಸು ಇರತೈತಿ, ಪಳಗಿದ್ದು ಮೆತ್ತಗ. ನಾನ ಕೇಳೇನಿ."

"ಹಂಗಾದ್ರ ಈಗ ಕೇಳಿ ಹೇಳ್ರಿ. ಹತ್ತರಾಗ ಎಂಟು ಸಲ ಗುರುತಿಸಿದ್ರ ತಪ್ಪು ನಂದು. ಇಲ್ಲಂದ್ರ ಸೋಮವಾರ ಯಾರೂ ಬರೋದು ಬ್ಯಾಡ."

ಅವನ ಮುಖ ಬಾಡಿತು. ಆದರೂ ಅಂಗಡಿಯ ಬಾಗಿಲೆಳೆದು, ನನಗೆ ಬೆನ್ನು ಮಾಡಿ ಸ್ಪೀಕರುಗಳ ಎದುರು ಕೂತ. ನಾನು ಆಂಪ್ಲಿಫೈಯರ್ ಹಿಂದೆ ನಿಂತೆ. ಡಬ್ಬಿಯಿಂದ ಆಗತಾನೇ ತೆಗೆದ ಹೊಸ ಕೇಬಲ್ ಒಂದು, ಮಾಸ್ತರರದು ಒಂದು. ಯಾವುದನ್ನು ಹಾಕಬೇಕೆಂದು ಪ್ರತಿ ಸಲ ನಾಣ್ಯ ಚಿಮ್ಮಿ ನೋಡುವುದು, ಹಾಕುವುದು, ಹಾಡು ಹಚ್ಚಿ "ಹೇಳ್ರಿ" ಎನ್ನುವುದು. ಸರಿಯೋ ತಪ್ಪೋ ಅಲ್ಲೇ ಹೇಳಿಬಿಡುತ್ತಿದ್ದೆ.

ಮೊದಲನೆಯದು ಸರಿ. ಎರಡನೆಯದು ತಪ್ಪು. ಮೂರನೆಯದೂ ತಪ್ಪು.

ಇನ್ನೊಂದು ತಪ್ಪಿದರೆ ಮುಗಿಯಿತು. ಅವನ ಕತ್ತಿನ ಮೇಲೆ ಬೆವರಿಳಿಯುತ್ತಿತ್ತು. ಇವನು ಗೆಲ್ಲಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಅದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು.

"ಹೇಳ್ರಿ."

"ಮಾಸ್ತರದು."

ಸರಿ. ಮುಂದಿನದೂ ಸರಿ. ಅದರ ಮುಂದಿನದೂ. ಒಂಬತ್ತನೆಯದಕ್ಕೆ ಅವನು ತಲೆ ಓರೆ ಮಾಡಿದ. "ಹೊಸಾದು," ಎಂದ. ಸರಿ. ಹತ್ತನೆಯದೂ ಸರಿ. ಲೆಕ್ಕಕ್ಕೆ ಎಂಟಾಯಿತು.

ನಾನು ಓದಿದ್ದೆಲ್ಲ ತಲೆಕೆಳಗಾಗಿತ್ತು. ಆದರೂ ಖುಷಿಗೆ ಕಣ್ಣು ತುಂಬಿದವು.

"ತಪ್ಪು ನಂದು. ನಾ ಸೋತೆ," ಎಂದೆ.

ಅವನು ತಿರುಗಲಿಲ್ಲ.

"ತಡೀರಿ. ನಾ ಗೆದ್ದಿಲ್ಲ. ಆ ಎರಡು ಕೇಬಲ್‌ನಾಗ ನನಗ ಏನೂ ಫರಕ ಕೇಳಸಲಿಲ್ಲ. ಮೂರನೇದು ತಪ್ಪಿದ ಮ್ಯಾಲ ಹಾಡು ಕೇಳೋದ ಬಿಟ್ಟೆ, ನಿಮ್ಮನ್ನ ಕೇಳಿದೆ. ಮಾಸ್ತರ ಕೇಬಲ್ ಹಾಕಿದಾಗ ನೀವು ಸಿಟ್ಟಿಲೆ 'ಹೇಳ್ರಿ' ಅಂತಿದ್ರಿ. ಹೊಸಾದು ಹಾಕಿದಾಗ ಮೆತ್ತಗ ಅಂತಿದ್ರಿ."

ಪರೀಕ್ಷೆ ಮಾಡುವವರು ಮುಖದಲ್ಲಾಗಲಿ ದನಿಯಲ್ಲಾಗಲಿ ಉತ್ತರ ಬಿಟ್ಟುಕೊಡಬಾರದು ಎಂಬುದು ನನ್ನ ಕೆಲಸದ ಮೊದಲ ಪಾಠ. ಮಾಸ್ತರರ ಕೇಬಲ್ ಕೈಗೆ ಬಂದಾಗಲೆಲ್ಲ ಅವರ ಕಣ್ಣೀರು ನೆನಪಾಗಿ, ಸಿಟ್ಟಿನಲ್ಲಿ ಅದನ್ನೇ ಮರೆತಿದ್ದೆ.

"ಸುಮ್ಮನಿದ್ದಿದ್ರ ನನಗ ಗೊತ್ತ ಆಗ್ತಿರಲಿಲ್ಲ," ಎಂದೆ.

"ನನಗ ಗೊತ್ತಿರ್ತಿತ್ತಲ್ರಿ." ಈಗ ತಿರುಗಿದ. ಕಣ್ಣು ಕೆಂಪಾಗಿದ್ದವು. "ಯಾರೋ ಹೇಳಿದ್ದನ್ನ ನಂಬಿ ಐದು ವರ್ಷ ಎಲ್ಲಾರಿಗೂ ಹೇಳೇನಿ. ಒಂದ ಸಲನೂ ಹಿಂಗ ಕೇಳಿ ನೋಡಿರಲಿಲ್ಲ."

ಫೋನ್ ತೆಗೆದು ಇಳಕಲ್ಲಿನ ಸೋದರಮಾವನಿಗೆ ಹಚ್ಚಿದ. "ಮಾವಾ, ಸೋಮವಾರ ಬರಬ್ಯಾಡ್ರಿ. ಕಾರಣ ಆಮ್ಯಾಲ ಹೇಳ್ತೇನಿ." ಅಷ್ಟೇ ಹೇಳಿ ಇಟ್ಟುಬಿಟ್ಟ. ತಡೆಯಬಹುದಿತ್ತು. ನನ್ನ ಹಟ ಬಾಯಿ ಕಟ್ಟಿತು.

"ಮೊದಲು ಬೇವೂರಿಗೆ ನಡೀರಿ," ಎಂದೆ.

ಅವನ ಬೈಕಿನ ಹಿಂದೆ, ನಡುವೆ ಒಂದು ಗೇಣು ಜಾಗ ಬಿಟ್ಟು ಕೂತೆ. ಮಾಸ್ತರರು ಮನೆಯ ಕಟ್ಟೆಯ ಮೇಲಿದ್ದರು. ವಿಜಯಮಹಾಂತೇಶ ಬಗ್ಗಿ ಅವರ ಕಾಲು ಮುಟ್ಟಿದ.

"ಮಾಸ್ತರ, ನಿಮ್ಮ ಕಿವಿ ಚಲೋ ಅದಾವ. ಕೇಬಲ್ ಪಳಗಂಗಿಲ್ರಿ. ನಾ ತಪ್ಪು ಹೇಳಿದ್ದೆ."

ಮಾಸ್ತರರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಅಂದ್ರ ನಾ ಭಜನಿಗೆ ಹೋಗಬಹುದು?"

"ಇವತ್ತ ಹೋಗ್ರಿ," ಎಂದೆ.

ಚಹಾ ಇಡಲು ಹೇಳುತ್ತೇನೆಂದು ಅವರು ಒಳಗೆ ಹೋದರು. ಧೋತರದ ತುದಿಯಿಂದ ಕಣ್ಣೊರೆಸಿಕೊಳ್ಳುವುದು ಹಿಂದಿನಿಂದಲೂ ಕಾಣುತ್ತಿತ್ತು.

ಆಗ ಫೋನ್ ಬಂತು. ಅವನ ಸೋದರಮಾವ. ಅವನು ಎತ್ತದೆ ನನ್ನ ಕಡೆ ನೋಡಿದ.

"ಏನು ಹೇಳ್ಲಿ?"

"ಕೊಡ್ರಿ ಇಲ್ಲೆ."

ಕೊಟ್ಟ.

"ನಮಸ್ಕಾರ್ರಿ ಮಾವಾರ. ನಾ ಬಾಗಲಕೋಟಿ ಮಹೇಶ್ವರಿ. ಬರಬ್ಯಾಡ ಅನ್ನಿಸಿದಾಕಿ ನಾನ. ಈಗ ಬರ್ರಿ ಅನ್ನಾಕಿನೂ ನಾನ. ಸೋಮವಾರ ಊಟಕ್ಕ ನಮ್ಮಲ್ಲೇ ಇರ್ರಿ."

ಆ ಕಡೆಯಿಂದ ಮಾವ ಕೇಳಿದರು: "ಹುಡುಗನ್ನ ಒಪ್ಪೀದಿ ಏನವಾ?"

ವಿಜಯಮಹಾಂತೇಶ ಕಟ್ಟೆಯ ಕಂಬ ಹಿಡಿದು ನಿಂತಿದ್ದ. ನಾನು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ಒಪ್ಪೇನ್ರಿ," ಎಂದೆ.