ವೀರಭದ್ರನ ಹಣೆಯ ಗುಳಿ

ಬೆಳಗಿನ ಪೂಜೆಗೆ ಕುಳಿತ ಸುನಂದಾಬಾಯಿ ವೀರಭದ್ರನ ಹಣೆಗೆ ವಿಭೂತಿ ಒತ್ತಿದರು. ಹೆಬ್ಬೆರಳು ಅಲ್ಲೇ ನಿಂತಿತು.

“ಇದು ನಮ್ಮ ದೇವರಲ್ಲ.”

ಮಿರಜ ಪೇಟೆಯ ಆ ಮನೆಯ ಟಾಕ ಅದು. ಅಂಗೈಯಗಲದ ಬೆಳ್ಳಿ ತಗಡಿನಲ್ಲಿ ಉಬ್ಬಿಸಿದ ಮನೆದೇವರು. ತಲೆತಲಾಂತರದ ಸೊಸೆಯಂದಿರು ವಿಭೂತಿ ಒತ್ತಿ ಒತ್ತಿ ಹಣೆಯಲ್ಲಿ ಗುಳಿ ಬಿದ್ದಿತ್ತು. ಈಗ ಅಲ್ಲಿ ಉಬ್ಬು.

“ದೇವರನ್ನ ಮುಟ್ಟಾಕಿ ನಿಮ್ಮನ್ನ ಬಿಟ್ರ ಶಾಲನ ಒಬ್ಬಾಕಿ, ಮಾವಶಿ,” ಎಂದ ಅಕ್ಕನ ಮಗ ನಿಲೇಶ.

ಶಾಲನ ಮನೆಗೆಲಸದವಳು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳ್ಳಿ ತಿಕ್ಕುವವಳು. ಸುನಂದಾಬಾಯಿ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ನಿಲೇಶನೇ ಶಾಲನಳನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಿದ.

*

ಪಿಎಸ್‌ಐ ಸ್ವಪ್ನಾಲಿ ಬಂದರು. ಜೊತೆಗೆ ಫೋಟೊಗ್ರಾಫರ್ ಸಂಮೇದ, ಅಂದರೆ ನಾನು. ಪೊಲೀಸರು ಕರೆದಲ್ಲಿ ಹೋಗಿ ಕ್ಲಿಕ್ ಮಾಡುವುದು ನನ್ನ ಹಣೆಬರಹ.

“ಕ್ಯಾಮೆರಾ ಅಲ್ಲಾಡಬಾರದು. ಟಾರ್ಚ್ ಅಷ್ಟ ಸುತ್ತಲೂ ತಿರಗಲಿ,” ಎಂದರು ಸ್ವಪ್ನಾಲಿ.

ಒಂದೊಂದು ದಿಕ್ಕಿನಿಂದ ಬೆಳಕು ಬಿಟ್ಟು ಒಂದೊಂದು ಫೋಟೊ ತೆಗೆದೆ. ಲ್ಯಾಪ್‌ಟಾಪ್ ಬೆಳಕು-ನೆರಳನ್ನೆಲ್ಲ ಕೂಡಿಸಿ ಟಾಕದ ಉಬ್ಬುತಗ್ಗು ಲೆಕ್ಕ ಹಾಕಿತು. ಹಣೆಯಲ್ಲಿ ಉಬ್ಬು, ಸಂಶಯವೇ ಇಲ್ಲ.

“ಹಳೇದರ ಫೋಟೊ ಅದಾವೇನ್ರಿ, ಬಾಯಿ?” ಎಂದು ಸ್ವಪ್ನಾಲಿ ಕೇಳಿದರು.

ಬೇಕಾದಷ್ಟಿದ್ದವು. ತೊಳೆದಿಟ್ಟ ದೇವರನ್ನು ದಿನಾ ಬೆಳಿಗ್ಗೆ, ತಂಬಿಗೆಗೆ ಮೊಬೈಲ್ ಆನಿಸಿ ಫೋಟೊ ತೆಗೆದು ಬಳಗದ ವಾಟ್ಸಾಪಿಗೆ ಹಾಕುವುದು ಬಾಯಿಯವರ ರೂಢಿ. ಕೋನ ಒಂದೇ. ಬೆಳಕು ಮಾತ್ರ ಒಮ್ಮೆ ಕಿಟಕಿಯದು, ಒಮ್ಮೆ ಪಕ್ಕದ ದೀಪದ್ದು, ಒಮ್ಮೆ ಟ್ಯೂಬ್‌ಲೈಟಿನದು.

ಅವನ್ನೂ ಲ್ಯಾಪ್‌ಟಾಪಿಗೆ ಹಾಕಿದೆ. ಪರದೆಯ ಮೇಲೆ ಮೊದಲು ಬೂದು ಮಬ್ಬು. ಆಮೇಲೆ ಮೀಸೆ, ಕಣ್ಣು, ಸವೆದ ಮೂಗು. ಕೊನೆಗೆ ಹಣೆಯ ಗುಳಿ. ಮನೆಯಲ್ಲಿಲ್ಲದ ದೇವರು ಬರೀ ನೆರಳಿನಿಂದ ಎದ್ದು ಬಂದಿದ್ದ. ಹುಡುಗನಾಗಿದ್ದಾಗಿನಿಂದ ಕ್ಯಾಮೆರಾ ಹಿಡಿದರೂ ನೆರಳಿನೊಳಗೆ ಇಷ್ಟೆಲ್ಲ ಅಡಗಿದೆಯೆಂದು ನನಗೆ ಗೊತ್ತಿರಲಿಲ್ಲ. ಸುನಂದಾಬಾಯಿ ಲ್ಯಾಪ್‌ಟಾಪಿಗೇ ಕೈ ಮುಗಿದರು.

*

“ಇದನ್ನ ಮಾಡಿಸಿದವರು ಹಳೇ ಟಾಕದ ಹಣಿ ಎಂದೂ ಸವರಿಲ್ಲ,” ಎಂದರು ಸ್ವಪ್ನಾಲಿ. “ಶಾಲನಳ ಬೆರಳಿಗೆ ಗುಳಿ ಗೊತ್ತೈತಿ. ಆಕಿ ಉಬ್ಬು ಮಾಡಸ್ತಿದ್ದಿಲ್ಲ. ಯಾರೋ ಒಂದ ಫೋಟೊ ತೋರಿಸಿ ನಕಲು ಮಾಡಿಸ್ಯಾರ. ಬೆಳಕು ಮ್ಯಾಲಿಂದ ಬರತೈತಿ ಅಂತ ನಮ್ಮ ಕಣ್ಣು ತಿಳಕೋತೈತಿ. ಕೆಳಗಿಂದ ಬಂದ್ರ ಗುಳಿನೂ ಉಬ್ಬಿದಂಗ ಕಾಣತೈತಿ.”

“ಆದ್ರ ಬಾಯಿ, ನಿಮ್ಮ ಫೋಟೊ ಒಂದರಾಗೂ ಬೆಳಕು ಕೆಳಗಿಂದ ಬಂದಿಲ್ಲ. ಬ್ಯಾರೆ ಯಾರು ತಗದಿದ್ರು?” ಎಂದು ಸ್ವಪ್ನಾಲಿಯೇ ಕೇಳಿದರು.

ಸುನಂದಾಬಾಯಿ ತಡವರಿಸಿದರು. “ಕರೆಂಟ್ ಹೋದ ಸಂಜಿ. ದೀಪ ನೆಲಕ್ಕ ಇಟ್ಟಿದ್ದೆ. ಜಳಕ ಆಗಿಲ್ಲ, ಮುಟ್ಟಾಂಗಿಲ್ಲ, ದೂರಿಂದ ಒಂದ ಫೋಟೊ ತಗೀತೇನಿ ಅಂದಿದ್ದ... ನಿಲೇಶ.”

ನಿಲೇಶನ ಮೊಬೈಲಿನಲ್ಲಿ ಆ ಫೋಟೊ ಇತ್ತು. ಹಣೆ ಉಬ್ಬಿದಂತೆಯೇ ಕಾಣುತ್ತಿತ್ತು. ಅವನ ಬೈಕಿನ ಡಿಕ್ಕಿಯಲ್ಲಿ, ಟವೆಲಿನಲ್ಲಿ ಸುತ್ತಿದ ಅಸಲಿ ಟಾಕ ಸಿಕ್ಕಿತು. ಹಳೇ ಬೆಳ್ಳಿ ಕೂಡಿಡುವವರಿಗೆ ಮಾರುವ ವಿಚಾರವಿತ್ತಂತೆ.

ಅವನನ್ನು ಜೀಪಿಗೆ ಹತ್ತಿಸಿದರು.

“ತಪ್ಪಾತು ಶಾಲನ,” ಎಂದರು ಸುನಂದಾಬಾಯಿ. “ಒಳಗ ಬಾ.”

ಶಾಲನ ಹೊಸ್ತಿಲ ಹೊರಗೇ ನಿಂತಳು.

“ಮ್ಯಾಡಮ್ಮಾರು ನೆರಳು ನೋಡಿ ನನ್ನ ನಂಬಿದ್ರು. ನಾ ಮದುವ್ಯಾಗಿ ಬಂದಾಗಿಂದ ನೀವು ನನ್ನ ಮಾರಿ ನೋಡೀರಿ, ಬಾಯಿ. ನಾಳಿಯಿಂದ ನಾ ಬರಾಂಗಿಲ್ರಿ.”

ಚಪ್ಪಲಿ ಮೆಟ್ಟಿ, ತನ್ನೂರು ಬುಧಗಾಂವದ ಬಸ್ಸು ಹಿಡಿಯಲು ನಡೆದಳು.